ಗೋದಲಿಗೊಂದು ಬಚ್ಚಲು

ಜೆಪ್ಪಿನ ನಮ್ಮ ಮನೆಯಲ್ಲಿ ಬಚ್ಚಲು ಮನೆಯೊಳಗೆ ಇರಲಿಲ್ಲ. ಅಡುಗೆಕೋಣೆಯ ಹಿಂಬಾಗಿಲು ದಾಟಿ, ಅಂಗಳ ದಾಟಿ, ಬಾವಿಕಟ್ಟೆಯನ್ನು ಬಳಸಿಕೊಂಡು ಹೋದರೆ ಹಂಚಿನ ಮಾಡಿನ ಒಂದು ಪುಟ್ಟ ಕೋಣೆ. ಅದರೊಳಗೆ ಮಸಿ ಹಿಡಿದ ತಾಮ್ರದ ಹಂಡೆ. ಮನೆಯ ಮುಂಭಾಗವಾದರೋ ನೋಡುವಂತಿತ್ತು. ಉದ್ದನೆಯ ಜಗಲಿ, ಕೆಂಪು ಗಾರೆಯ ನೆಲ, ಚಾವಡಿಯ ಗೋಡೆಯಲ್ಲಿ ದೇವರ ಪೀಠ, ಅದರ ಮುಂದೆ ಹಗಲೂ ಉರಿಯುವ ಕೆಂಪು ಬಲ್ಬು. ಬಂದವರು ಮೆಚ್ಚಿಕೊಳ್ಳಲು ಬೇಕಾದದ್ದೆಲ್ಲ ಮುಂದೆ, ಇರುವವರಿಗೆ ಬೇಕಾದದ್ದೆಲ್ಲ ಹಿಂದೆ, ಕತ್ತಲಲ್ಲಿ. ಅಡುಗೆಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಹಲಸಿನ ಮರದ ಕಡೆಗೆ. ಗೇಟಿನ ಸದ್ದಾದರೆ ಮಮ್ಮಿ ಒದ್ದೆ ಕೈಯಲ್ಲೇ ಇಡೀ ಮನೆ ದಾಟಿ ಓಡಿ ಬಂದು ನೋಡಬೇಕು, ಬಂದದ್ದು ಮೀನಿನವಳೋ ಪಾದ್ರಿಗಳೋ ಎಂದು. ಈ ಮನೆ ಕಟ್ಟಿಸಿದವರು ಯಾರೇ ಆಗಿರಲಿ, ಅವರು ಒಂದು ದಿನವೂ ಇದರಲ್ಲಿ ಅಡುಗೆ ಮಾಡಿದವರಲ್ಲ ಎಂದು ನಾನು ಬಹಳ ಬೇಗ ತೀರ್ಮಾನಿಸಿಬಿಟ್ಟಿದ್ದೆ. ಈಗ ಯಾರಾದರೂ ಆರ್ಕಿಟೆಕ್ಚರ್ ಎಲ್ಲಿ ಕಲಿತಿರಿ ಎಂದು ಕೇಳಿದರೆ ಕಾಲೇಜಿನ ಹೆಸರು ಹೇಳುತ್ತೇನೆ. ನಿಜವಾಗಿ ಕಲಿತದ್ದು ಆ ಮನೆಯ ಮೇಲಿನ ಸಿಟ್ಟಿನಲ್ಲಿ.

ಮನೆಯಲ್ಲಿ ನಾವು ನಾಲ್ವರು. ಮಮ್ಮಿ, ಪಪ್ಪನ ತಾಯಿಯಾದ ಅಜ್ಜಿ, ನನಗಿಂತ ಸ್ವಲ್ಪ ದೊಡ್ಡವನಾದ ಅಣ್ಣ ಸ್ಟ್ಯಾನಿ, ಮತ್ತೆ ನಾನು. ಪಪ್ಪ ಕುವೈತಿನಲ್ಲಿದ್ದರು, ರಜೆಗೆ ಬಂದಾಗ ಮನೆ ತುಂಬ ಸೋಪಿನ ಪರಿಮಳ, ಹೋದ ಮೇಲೆ ಗೋಡೆಯ ಮೇಲಿನ ಫೋಟೋ. ಮಾತು ಕೊಂಕಣಿಯದು. ಇಲ್ಲಿ ನಾನು ಬರೆಯುವ ಮಾತುಗಳನ್ನು ನಮ್ಮೂರಿನ ಕನ್ನಡಕ್ಕೆ ಇಳಿಸಿಕೊಂಡಿದ್ದೇನೆ, ಆದರೆ ಯಾರ ಮಾತಿನ ಖಾರವನ್ನೂ ಕಡಿಮೆ ಮಾಡಿಲ್ಲ.

ಮಮ್ಮಿ ಮತ್ತು ನಾನು ಆಗ ಒಂದು ಪಕ್ಷ. ಶನಿವಾರ ಮಧ್ಯಾಹ್ನ ಅಜ್ಜಿ ಮಲಗಿದ್ದೇ ತಡ, ನಾವಿಬ್ಬರೂ ಸದ್ದಾಗದ ಹಾಗೆ ಮಂಚ, ಕಪಾಟು, ಹೊಲಿಗೆ ಮಿಷಿನ್ ಎಲ್ಲವನ್ನೂ ಎಳೆದು ಬೇರೆ ಕಡೆ ಇಡುತ್ತಿದ್ದೆವು. ಎಲ್ಲಿ ಬೆಳಕು ಬೀಳುತ್ತದೆ, ಎಲ್ಲಿ ಗಾಳಿ ಬರುತ್ತದೆ ಎಂದು ನಾನು ಹೇಳುವುದು, ಮಮ್ಮಿ ಸೆರಗು ಸಿಕ್ಕಿಸಿ ಎಳೆಯುವುದು. ಅಜ್ಜಿ ಎದ್ದು ಬಂದು, ನನ್ನ ಮಂಚ ಎಲ್ಲಿ ಹೋಯಿತೆಂದು ಕೂಗಿದರೆ ನಮಗೆ ನಗು ತಡೆಯಲು ಆಗುತ್ತಿರಲಿಲ್ಲ. ನಿನಗೆ ನನ್ನ ಕಣ್ಣು ಬಂದಿದೆ ಎಂದು ಮಮ್ಮಿ ಹೇಳುತ್ತಿದ್ದಳು. ಹೊಲಿಗೆಯ ಟೇಪು ಹಿಡಿದು ಗೋಡೆ ಅಳೆಯಲು ಕಲಿಸಿದವಳೂ ಅವಳೇ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದ್ದನ್ನು ಓದಿದವರು ನನಗೆ ಮಮ್ಮಿಯ ಮೇಲೆ ಪ್ರೀತಿ ಇರಲಿಲ್ಲ ಎಂದುಕೊಳ್ಳಬಾರದು. ಪ್ರೀತಿ ಇಲ್ಲದ ಕಡೆ ಇಷ್ಟು ನೋವಾಗುವುದಿಲ್ಲ.

ನಾನು ಹೈಸ್ಕೂಲು ಸೇರಿದ ವರ್ಷ ಪಪ್ಪನ ತಂಗಿ ಲಿಲ್ಲಿ ಆಂಟಿ ಬಾಣಂತನಕ್ಕೆ ಬಂದಳು. ಅಜ್ಜಿಗೆ ಹಬ್ಬ. ಬೆಳಿಗ್ಗೆ ಹಂಡೆ ಕುದಿಯುತ್ತಿತ್ತು, ಆಂಟಿಯ ಮೈಗೆ ಎಣ್ಣೆ ತಿಕ್ಕಿ ಬಿಸಿಬಿಸಿ ನೀರು ಹೊಡೆದು ಮೀಯಿಸುತ್ತಿದ್ದರು. ಆಮೇಲೆ ಶುರುವಾಗುತ್ತಿತ್ತು ಮೆರವಣಿಗೆ. ಬೆವರು ಹರಿಯುತ್ತಿದ್ದ ಬಾಣಂತಿಯನ್ನು ಕಂಬಳಿಯಲ್ಲಿ ಸುತ್ತಿ, ಇಬ್ಬರು ಹಿಡಿದುಕೊಂಡು, ಬಾವಿಕಟ್ಟೆಯ ಪಾಚಿಯಲ್ಲಿ ಜಾರದ ಹಾಗೆ, ಚಳಿಗಾಳಿಯಲ್ಲಿ ಅಂಗಳ ದಾಟಿಸಬೇಕು. ಗಾಳಿ ತಾಗಬಾರದು ಎಂದು ಅಜ್ಜಿ ದಾರಿಯುದ್ದಕ್ಕೂ ಬೈಯುವುದು, ಗಾಳಿಯೋ ಅಜ್ಜಿಯ ಮಾತು ಕೇಳುವ ಜಾತಿಯಲ್ಲ. ಒಂದು ದಿನ ಆಂಟಿ ಅಂಗಳದ ಮಧ್ಯದಲ್ಲೇ ನಡುಗುತ್ತಾ ಅತ್ತುಬಿಟ್ಟಳು. ಬಚ್ಚಲು ಬಾಣಂತಿಯ ಕೋಣೆಯ ಗೋಡೆಗೆ ತಾಗಿಯೇ ಇದ್ದರೆ ಎಂತ ಆಗುತ್ತಿತ್ತು ಎಂದು ನಾನು ಕೇಳಿದೆ. ನೀನು ದೊಡ್ಡ ಇಂಜಿನಿಯರ್ ಎಂದು ಅಜ್ಜಿ ನನ್ನ ತಲೆಗೆ ಮೊಟಕಿದಳು.

ಡಿಸೆಂಬರ್ ಬಂತು. ನಮ್ಮವರಲ್ಲಿ ಕ್ರಿಸ್ಮಸ್ಸಿನ ಕೆಲಸಕ್ಕೆ ಒಂದು ಪಾಲುಪಟ್ಟಿ ಉಂಟು, ಯಾರೂ ಬರೆದದ್ದಲ್ಲ, ಎಲ್ಲರೂ ಪಾಲಿಸುವಂಥದ್ದು. ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳು, ಹೆಂಗಸರದ್ದು. ಗೋದಲಿ ಗಂಡುಮಕ್ಕಳದ್ದು. ಗೋದಲಿ ಎಂದರೆ ಬಾಲಯೇಸು ಹುಟ್ಟಿದ ಕೊಟ್ಟಿಗೆ. ಪ್ರತಿ ಮನೆಯ ಜಗಲಿಯಲ್ಲಿ ಹುಡುಗರು ಹುಲ್ಲು, ಮಣ್ಣು, ಕಾಗದದಲ್ಲಿ ಅದನ್ನು ಕಟ್ಟಿ, ತಟ್ಟೆಯಲ್ಲಿ ಮೊಳಕೆ ಬರಿಸಿದ ರಾಗಿಯನ್ನು ಗದ್ದೆಯ ಹಾಗೆ ಸುತ್ತ ಇಟ್ಟು, ಮೇರಿ, ಜೋಸೆಫ್, ದನ, ಕುರಿಗಳ ಗೊಂಬೆ ನಿಲ್ಲಿಸುತ್ತಾರೆ. ಇಗರ್ಜಿಯ, ಅಂದರೆ ಚರ್ಚಿನ, ಕಡೆಯಿಂದ ಸ್ಪರ್ಧೆಯೂ ಇತ್ತು. ಕಷ್ಟ ಏನೆಂದರೆ ನಮ್ಮ ಸ್ಟ್ಯಾನಿಗೆ ಮಣ್ಣು ಮುಟ್ಟಿದರೆ ಮೈ ತುರಿಸುತ್ತಿತ್ತು. ಅವನಿಗೆ ಖುಷಿ ಹಿಟ್ಟಿನಲ್ಲಿ. ಕಿಡಿಯೊ ಎಂಬ ಸಿಹಿತಿಂಡಿಗೆ ಹಿಟ್ಟಿನ ಚಿಕ್ಕ ಉಂಡೆಯನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ತೆಗೆಯಬೇಕು. ಸ್ಟ್ಯಾನಿ ತೆಗೆದ ಸುರುಳಿಯ ಗೆರೆ ಮಮ್ಮಿಗೂ ಬರುತ್ತಿರಲಿಲ್ಲ. ನನಗೋ ಹಿಟ್ಟು ಕಂಡರೆ ಆಕಳಿಕೆ. ಆ ವರ್ಷ ಮಮ್ಮಿಯೇ ಅಡುಗೆಕೋಣೆಯ ಬಾಗಿಲು ಮುಂದೆ ಮಾಡಿ ಹೇಳಿದಳು:

“ನೀವಿಬ್ಬರೂ ಕೆಲಸ ಬದಲು ಮಾಡಿಕೊಳ್ಳಿ. ಹೊರಗೆ ಯಾರಿಗೂ ಹೇಳ್ಲಿಕ್ಕೆ ಹೋಗಬೇಡಿ, ಅಷ್ಟೆ.”

ನಾನು ಕೊಟ್ಟಿಗೆ ಕಟ್ಟಲಿಲ್ಲ. ಮನೆ ಕಟ್ಟಿದೆ. ಮುರಕಲ್ಲಿನ ಚೂರುಗಳನ್ನು ಉಜ್ಜಿ ಇಟ್ಟಿಗೆ ಮಾಡಿಕೊಂಡೆ, ಒಡೆದ ಹಂಚನ್ನು ಸಣ್ಣಸಣ್ಣದಾಗಿ ತುಂಡರಿಸಿ ಮಾಡು ಹೊದಿಸಿದೆ. ಕೊಟ್ಟಿಗೆಯ ಗೋಡೆಗೆ ತಾಗಿಯೇ ಒಂದು ಬಚ್ಚಲು. ಹೆತ್ತ ಹೆಂಗಸಿಗೆ ಬಿಸಿನೀರು ಬೇಡವೇ? ದೇವದೂತರು ಬಂದರು, ರಾಜರು ಬಂದರು, ಚಿನ್ನ ತಂದರು, ಧೂಪ ತಂದರು, ಒಬ್ಬನಾದರೂ ಒಂದು ಕೊಡ ನೀರು ಕಾಯಿಸಿದನೇ? ತೆಂಗಿನ ಗೆರಟೆಗೆ ಮಸಿ ಬಳಿದು ಹಂಡೆ ಮಾಡಿದೆ. ಅದರ ಅಡಿಯಲ್ಲಿ ಊದುಕಡ್ಡಿ ಹಚ್ಚಿಟ್ಟರೆ ಬಚ್ಚಲಿನ ಮಾಡಿನ ಸಂದಿನಿಂದ ಹೊಗೆ ಏಳುತ್ತಿತ್ತು. ಒಂದು ಕಿಟಕಿಯನ್ನು ದಾರಿಯ ಕಡೆಗೆ ಇಟ್ಟೆ, ಮಲಗಿದಲ್ಲಿಂದಲೇ ಮೇರಿಗೆ ಯಾರು ಬರುತ್ತಿದ್ದಾರೆಂದು ಕಾಣಲಿ ಎಂದು. ಮಮ್ಮಿ ನೋಡಿ ನೋಡಿ ನಕ್ಕಳು, ಆಮೇಲೆ ತನ್ನ ಹಳೆಯ ರವಿಕೆಯ ಬಟ್ಟೆ ಕತ್ತರಿಸಿ ಬಚ್ಚಲಿನ ಬಾಗಿಲಿಗೆ ಪರದೆ ಹೊಲಿದು ಕೊಟ್ಟಳು. ಅಜ್ಜಿ ಊದುಕಡ್ಡಿಯ ಹೊಗೆ ನೋಡಿ ಶಿಲುಬೆಯ ಗುರುತು ಹಾಕಿಕೊಂಡು, ಇಷ್ಟು ವರ್ಷದಲ್ಲಿ ಮಾತೆಗೆ ಮೊದಲ ಸಲ ಮೀಯಲಿಕ್ಕೆ ಸಿಕ್ಕಿತು ಎಂದಳು. ನನಗೆ ಆ ಮಾತಿಗಿಂತ ದೊಡ್ಡ ಬಹುಮಾನ ಮತ್ತೆ ಸಿಕ್ಕಿಲ್ಲ.

ಸ್ಪರ್ಧೆಯವರು ಬಂದರು. ಮುಂದೆ ಆಲ್ಬರ್ಟ್ ಅಂಕಲ್, ನಮ್ಮ ವಾಡೆಯ ಗುರ್ಕಾರರು, ಎಂದರೆ ಇಗರ್ಜಿಯ ಪರವಾಗಿ ಆಸುಪಾಸಿನ ಮನೆಗಳನ್ನು ನೋಡಿಕೊಳ್ಳುವ ಹಿರಿಯರು. ಊರಿನಲ್ಲಿ ಹೆಸರು ಮಾಡಿದ ಇಂಜಿನಿಯರ್. ಅವರು ಗೋದಲಿಯ ಮುಂದೆ ಮಂಡಿಯೂರಿ ಕೂತರು, ಪರದೆ ಸರಿಸಿದರು, ಹೊಗೆ ನೋಡಿ ಜೋರಾಗಿ ನಕ್ಕರು. ಕಿಟಕಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ನಾನು ಅವರ ಹಿಂದೆಯೇ ಕುಸ್ವಾರಿನ ತಟ್ಟೆ ಹಿಡಿದು ನಿಂತಿದ್ದೆ.

“ಯಾರ ತಲೆ ಇದು, ಬಾಯೆ?” ಅವರು ಮಮ್ಮಿಯನ್ನು ಕೇಳಿದರು.

“ಸ್ಟ್ಯಾನಿಯದ್ದು, ಮತ್ತೆ ಯಾರದ್ದು?” ಮಮ್ಮಿ ತಡವರಿಸಲಿಲ್ಲ. “ಊಟ ತಿಂಡಿ ಬಿಟ್ಟು ಕೂತಿದ್ದಾನೆ, ಮಾರಾಯ್ರೆ. ತಗೊಳ್ಳಿ, ಕಿಡಿಯೊ ತಿನ್ನಿ. ಅದು ನಮ್ಮ ಹುಡುಗಿ ಮಾಡಿದ್ದು.”

ಒಂದೇ ಉಸಿರಿನಲ್ಲಿ ಇಬ್ಬರು ಮಕ್ಕಳ ಕೈಯನ್ನೂ ಕತ್ತರಿಸಿ ಅದಲುಬದಲು ಅಂಟಿಸಿಬಿಟ್ಟಳು. ಸ್ಟ್ಯಾನಿ ಕಾಲಿನ ಹೆಬ್ಬೆರಳು ನೋಡುತ್ತಾ ನಿಂತ. ಆಲ್ಬರ್ಟ್ ಅಂಕಲ್ ಅವನ ಬೆನ್ನು ತಟ್ಟಿದರು, ನನ್ನ ತಟ್ಟೆಯಿಂದ ಒಂದು ಕಿಡಿಯೊ ಬಾಯಿಗೆ ಹಾಕಿಕೊಂಡು, ಫಸ್ಟ್ ಕ್ಲಾಸ್, ಗಂಡನ ಮನೆಗೆ ಹೋದರೆ ಹೆಸರು ತರ್ತಿ ಎಂದರು. ಹೊಸ ವರ್ಷದ ಪೂಜೆಯ ನಂತರ ಇಗರ್ಜಿಯಲ್ಲಿ ಮೊದಲ ಬಹುಮಾನಕ್ಕೆ ಸ್ಟ್ಯಾನಿಯ ಹೆಸರು ಕೂಗಿದರು. ಅವನು ಗೋಡೆಗಡಿಯಾರ ಹಿಡಿದುಕೊಂಡು ಬಂದ. ಮಮ್ಮಿ ನನ್ನ ಕೈ ಹಿಡಿದು ಒತ್ತಿದಳು. ನನ್ನ ಕೈಯನ್ನು ಕಿತ್ತುಕೊಳ್ಳಬೇಕೆನಿಸಿತು. ಇಗರ್ಜಿಯಲ್ಲಿ ಕುಳಿತಿದ್ದೆವು, ಹಾಗೇ ಬಿಟ್ಟೆ.

ಮನೆಗೆ ಬಂದು ನಾನು ಊಟ ಮಾಡಲಿಲ್ಲ. ಮಮ್ಮಿ ನನ್ನ ಪಕ್ಕ ಕೂತು ಸಮಾಧಾನ ಹೇಳಿದಳು. ಗಂಡು ಹುಡುಗ ಹಿಟ್ಟು ನಾದುತ್ತಾನೆ ಎಂದು ಗೊತ್ತಾದರೆ ಜನ ಆಡಿಕೊಳ್ಳುತ್ತಾರೆ. ಶಾಲೆಯಲ್ಲಿ ಅವನದ್ದು ಮೊದಲೇ ಅಷ್ಟಕ್ಕಷ್ಟೆ. ಪಪ್ಪ ಬಂದಾಗ ಅವನ ಬಗ್ಗೆ ಹೇಳಲು ಒಂದಾದರೂ ಒಳ್ಳೆಯ ಮಾತು ಬೇಡವೇ? ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಾನೂ ಅವಳೇ ಹೆತ್ತ ಹೆಗ್ಗಣ ಅಲ್ಲವೇ ಎಂದು ಕೇಳಲು ಆಗ ನನಗೆ ಬಾಯಿ ಬರಲಿಲ್ಲ. ಒಂದು ಗೋದಲಿ ತಾನೇ, ಹೋಗಲಿ ಎಂದುಕೊಂಡೆ. ಒಂದು ಗೋದಲಿಗೇ ಮುಗಿದಿದ್ದರೆ ಈ ಅಧ್ಯಾಯವನ್ನು ನಾನು ಬರೆಯುತ್ತಿರಲಿಲ್ಲ.

ಬೇಸಿಗೆ ರಜೆಗೆ ಆಲ್ಬರ್ಟ್ ಅಂಕಲ್ ಹೇಳಿ ಕಳಿಸಿದರು: ಆ ಹುಡುಗನನ್ನು ನನ್ನ ಆಫೀಸಿಗೆ ಕಳಿಸಿ, ಡ್ರಾಯಿಂಗ್ ಕಲಿಯಲಿ, ತಲೆ ಉಂಟು ಅವನಿಗೆ, ಮುಂದಕ್ಕೆ ನಾನು ನೋಡಿಕೊಳ್ತೇನೆ. ಆ ಆಫೀಸನ್ನು ನಾನು ರಸ್ತೆಯಿಂದ ನೋಡಿದ್ದೆ. ಕಿಟಕಿಯುದ್ದಕ್ಕೂ ಓರೆ ಮೇಜುಗಳು, ದೊಡ್ಡ ದೊಡ್ಡ ಹಾಳೆಗಳು. ಅಲ್ಲಿಗೆ ಹೋಗಬೇಕೆಂದು ನಾನು ಯಾರಲ್ಲೂ ಹೇಳಿರಲಿಲ್ಲ, ದೇವರ ಹತ್ತಿರ ಬಿಟ್ಟು. ಹೋದವನು ಸ್ಟ್ಯಾನಿ. ಸಂಜೆ ಅವನು ಮನೆಗೆ ಬರುವಾಗ ಕಂಕುಳಲ್ಲಿ ಸುರುಳಿ, ಮುಖದಲ್ಲಿ ಸತ್ತ ಕಳೆ. ಮೊದಲ ದಿನವೇ ಅಂಕಲ್ ಮನೆಯಲ್ಲಿ ಮಾಡಿ ತರಲು ಕೆಲಸ ಕೊಟ್ಟಿದ್ದರು, ಒಂದು ಸಣ್ಣ ಮನೆಯ ನಕ್ಷೆ. ಮಮ್ಮಿ ಊಟದ ಮೇಜನ್ನು ಒರೆಸಿ, ಸುರುಳಿಯನ್ನು ಬಿಡಿಸಿ ನನ್ನ ಮುಂದೆ ಹಾಸಿದಳು.

“ಮಾಡು, ಬಾಯೆ. ನೀನು ಇಲ್ಲಿ ಮಾಡು, ಅವನು ಅಲ್ಲಿ ಕೊಡ್ಲಿ. ನಿನಗೂ ಕಲಿತ ಹಾಗಾಯ್ತು, ಅವನ ಮರ್ಯಾದೆಯೂ ಉಳೀತು. ಎಂತ ನಷ್ಟ ಹೇಳು?”

ನಷ್ಟ ಏನೆಂದು ಹೇಳಲು ನನಗೆ ತಿಳಿಯಲಿಲ್ಲ, ಯಾಕೆಂದರೆ ಹಾಳೆ ಮುಟ್ಟಿದ ಕೂಡಲೇ ನಾನು ಎಲ್ಲವನ್ನೂ ಮರೆತಿದ್ದೆ. ಇಡೀ ರಜೆ ಹಾಗೇ ನಡೆಯಿತು. ಸ್ಟ್ಯಾನಿ ಅಲ್ಲಿ ಕೇಳಿಸಿಕೊಂಡದ್ದನ್ನು ಇಲ್ಲಿ ಬಂದು ಒಪ್ಪಿಸುವನು, ಅರ್ಧ ಮರೆತು, ಅರ್ಧ ತಪ್ಪಿ. ನಾನು ಅದನ್ನು ಸರಿಮಾಡಿಕೊಂಡು ಎಳೆಯುವೆನು. ಶಾಯಿ ತಪ್ಪಿದರೆ ಬ್ಲೇಡಿನ ತುಂಡಿನಿಂದ ಹಾಳೆ ಹರಿಯದ ಹಾಗೆ ಕೆರೆಯಲು ಕಲಿತೆ. ಮಮ್ಮಿ ಆ ದಿನಗಳಲ್ಲಿ ಅಂಜಲ್ ಮೀನಿನ ನಡುವಿನ ತುಂಡನ್ನು, ಯಾವಾಗಲೂ ಸ್ಟ್ಯಾನಿಯ ತಟ್ಟೆಗೆ ಬೀಳುವುದನ್ನು, ನನಗೆ ಬಡಿಸುತ್ತಿದ್ದಳು. ನಾನೂ ಚಪ್ಪರಿಸಿಕೊಂಡು ತಿಂದೆ. ಅದು ಕೂಲಿ ಎಂದು ಗೊತ್ತಾಗಲು ಸ್ವಲ್ಪ ಸಮಯ ಬೇಕಾಯಿತು. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅಡುಗೆ ನನ್ನದು, ಬಡಿಸುವವನು ಸ್ಟ್ಯಾನಿ, ಹೊಗಳಿಕೆ ಉಣ್ಣುವವಳು ಮಮ್ಮಿ.

ಸಿಕ್ಕಿಬಿದ್ದದ್ದು ಒಂದು ಕಿಟಕಿಯಿಂದ. ಅಂಕಲ್ ಕೊಟ್ಟ ಒಂದು ಮನೆಯಲ್ಲಿ ನಾನು ಅಡುಗೆಕೋಣೆಯನ್ನು ಮುಂದಕ್ಕೆ ತಂದು, ಒಲೆಯ ಎದುರಿನ ಗೋಡೆಯಲ್ಲಿ ಕಿಟಕಿ ಇಟ್ಟಿದ್ದೆ, ಅದೂ ಸಾಮಾನ್ಯಕ್ಕಿಂತ ತಗ್ಗಿನಲ್ಲಿ, ಕೂತು ಮೀನು ಕೊಯ್ಯುವವಳಿಗೂ ಗೇಟು ಕಾಣುವಂತೆ. ಇದು ಇಲ್ಲಿ ಯಾಕೆ, ಇಷ್ಟು ಕೆಳಗೆ ಯಾಕೆ ಎಂದು ಅಂಕಲ್ ಕೇಳಿದಾಗ ಸ್ಟ್ಯಾನಿ ಬಾಯಿ ಬಿಡಲಿಲ್ಲ. ಇಲ್ಲೇ ಕೂತು ಇನ್ನೊಂದು ಎಳೆ ಎಂದರಂತೆ. ಅವನು ಅಳಲು ಶುರುಮಾಡಿದ.

ಭಾನುವಾರ ಪೂಜೆ ಮುಗಿಸಿ ಆಲ್ಬರ್ಟ್ ಅಂಕಲ್ ನಮ್ಮ ಮನೆಗೇ ಬಂದರು. ಜಗಲಿಯಲ್ಲಿ ಕೂತು ಹಾಳೆಯನ್ನು ಮಂಡಿಯ ಮೇಲೆ ಬಿಡಿಸಿದರು. ಸ್ಟ್ಯಾನಿ ಕೋಣೆಯಿಂದ ಹೊರಗೆ ಬರಲಿಲ್ಲ. ಅಂಕಲ್‌ಗೆ ಸಿಟ್ಟು ಇರಲಿಲ್ಲ, ಅದೇ ಕಷ್ಟ.

“ಇದು ಸ್ಟ್ಯಾನಿ ಮಾಡಿದ್ದಲ್ಲ ಅಂತ ಗೊತ್ತಾಯ್ತು. ಇರ್ಲಿ, ಬಿಡಿ. ಯಾರು ಮಾಡಿದ್ದು ಹೇಳಿ. ನನಗೆ ಆ ಮನುಷ್ಯ ಬೇಕು.”

ನನಗೆ ಆ ಮನುಷ್ಯ ಬೇಕು. ನಾನು ಬಾಗಿಲ ಹಿಂದೆ ನಿಂತು ಆ ಮಾತು ಕೇಳಿದೆ. ಈಗ ಮಮ್ಮಿ ಹೇಳುತ್ತಾಳೆ ಎಂದುಕೊಂಡೆ. ಸ್ಟ್ಯಾನಿಯ ಮರ್ಯಾದೆ ಹೇಗೂ ಹೋಯಿತು, ಇನ್ನು ಮುಚ್ಚಿಡಲು ಏನಿದೆ? ಮಮ್ಮಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಹೇಳಿದಳು:

“ಬೆಂದೂರಿನಲ್ಲಿ ನಮ್ಮ ಪರಿಚಯದ ಒಬ್ಬ ಹುಡುಗ ಇದ್ದ, ಪಾಲಿಟೆಕ್ನಿಕ್‌ನವ. ಅವ ಸ್ವಲ್ಪ ಹೆಲ್ಪ್ ಮಾಡ್ತಿದ್ದ. ಈಗ ಬೊಂಬಾಯಿಗೆ ಹೋದ.”

ನಾನು ಹೊರಗೆ ಬಂದೆ. ಹೇಗೆ ಬಂದೆನೋ ಗೊತ್ತಿಲ್ಲ.

“ಅಂಕಲ್, ನಾನು ಮಾಡಿದ್ದು. ಕೂತುಕೊಂಡು ಮೀನು ಕೊಯ್ಯುವಾಗ ಗೇಟು ಕಾಣ್ಬೇಕು, ಅದಕ್ಕೆ ಕಿಟಕಿ ಕೆಳಗೆ.”

ಅಂಕಲ್ ನನ್ನನ್ನು ನೋಡಿದರು, ಮಮ್ಮಿಯನ್ನು ನೋಡಿದರು. ಮಮ್ಮಿ ನಕ್ಕಳು. ಶನಿವಾರ ಮಧ್ಯಾಹ್ನಗಳಲ್ಲಿ ನನ್ನೊಡನೆ ನಗುತ್ತಿದ್ದ ಅದೇ ನಗು.

“ಇವಳೊಬ್ಬಳು! ಅಣ್ಣನದ್ದು ಎಂತ ಇದ್ದರೂ ಇವಳಿಗೆ ಬೇಕು. ಆ ಹುಡುಗ ಹೇಳಿಕೊಡುವಾಗ ಪಕ್ಕದಲ್ಲಿ ಕೂತು ಕೇಳಿದ್ದಾಳೆ, ಈಗ ಗಿಣಿಯ ಹಾಗೆ ಹೇಳ್ತಾಳೆ. ಹೋಗು, ಅಂಕಲ್‌ಗೆ ಕಾಫಿ ತಾ.”

ಅಂಕಲ್ ನಗುತ್ತಾ ನನ್ನ ಕೆನ್ನೆ ಹಿಂಡಿದರು. ಸುಳ್ಳು ಹೇಳಬಾರದು, ಮಗಾ, ಎಂದರು. ನಾನು ಹೋಗಿ ಕಾಫಿ ತಂದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅಜ್ಜಿ ಬಟ್ಟಲನ್ನು ಮೇಜಿಗೆ ಕುಕ್ಕಿದಳು. ಬೇಕಾದರೆ ಊರಿಗೆಲ್ಲ ಸುಳ್ಳು ಹೇಳು, ಹೆತ್ತ ಮಗಳನ್ನೇ ಸುಳ್ಳಿ ಮಾಡ್ತಿಯಾ ಎಂದು ಸೊಸೆಯ ಮೇಲೆ ಹರಿಹಾಯ್ದಳು. ಮಮ್ಮಿಯೂ ಬಿಡಲಿಲ್ಲ. “ನಕ್ಷೆ ಇವಳದ್ದು ಅಂದರೆ ಗೋದಲಿ ಯಾರದ್ದು ಅಂತ ಕೇಳ್ತಾರೆ. ಇಗರ್ಜಿಯಲ್ಲಿ ಪ್ರೈಜ್ ತಗೊಂಡದ್ದು ಸುಳ್ಳು ಹೇಳಿ ಅಂತ ಆಗ್ತದೆ. ನಾನು ಅಲ್ಲಿ ಮುಖ ಎತ್ತಿ ನಡಿಬೇಕಾ ಬೇಡ್ವಾ? ಇವಳು ಗಂಡಸರ ಆಫೀಸಿನಲ್ಲಿ ಕೂತು ಎಂತ ಮಾಡ್ಲಿಕ್ಕುಂಟು?” ಸ್ಟ್ಯಾನಿ ತನ್ನ ತಟ್ಟೆಯ ಮೀನನ್ನು ಮಾತಿಲ್ಲದೆ ನನ್ನ ತಟ್ಟೆಗೆ ಹಾಕಿದ. ಪಾಪದವನು, ಅವನಿಗೆ ಕೊಡಲು ಬೇರೆ ಏನಿತ್ತು? ನಾನು ತಿನ್ನಲಿಲ್ಲ. ಮುಂದಿನ ಶನಿವಾರ ಮಮ್ಮಿ ಕಪಾಟು ಎಳೆಯೋಣ ಎಂದು ಕರೆದಳು. ಓದಲಿಕ್ಕುಂಟು ಎಂದೆ. ಆಮೇಲೆ ಅವಳೂ ಕರೆಯಲಿಲ್ಲ. ಆ ಮನೆಯ ಮಂಚ, ಕಪಾಟುಗಳು ಇದ್ದಲ್ಲೇ ಉಳಿದವು.

ನಾನು ಹಟದಿಂದ ಓದಿದೆ. ಆರ್ಕಿಟೆಕ್ಟ್ ಆದೆ, ಬೇರೆಯವರ ಕೈಕೆಳಗೆ ಕೆಲಸ ಮಾಡಿದೆ, ಊರಿಗೆ ಬಂದು ಸ್ವಂತ ಆಫೀಸು ತೆರೆದೆ. ಹೇಳಿದ ಅಳತೆಗೆ ಕಿಟಕಿ ಮಾಡಿಕೊಡುವವರು ಸಿಗದೆ ಬೇಸತ್ತು ಕಾಟಿಪಳ್ಳದಲ್ಲಿ ಬಾಗಿಲು-ಕಿಟಕಿಯ ಕಾರ್ಖಾನೆಯನ್ನೇ ಹಾಕಿದೆ. ಈಗ ಬೇರೆ ಆರ್ಕಿಟೆಕ್ಟರೂ ಅಲ್ಲಿಂದ ತರಿಸಿಕೊಳ್ಳುತ್ತಾರೆ. ಮೊದಲ ವರ್ಷಗಳಲ್ಲಿ ಸೈಟಿಗೆ ಹೋದರೆ, ಸರ್ ಬರಲಿಲ್ಲವಾ ಎಂದು ಕೇಳುತ್ತಿದ್ದರು. ನಾನೇ ಸರ್ ಎಂದು ಹೇಳಿ ಏಣಿ ಹತ್ತುತ್ತಿದ್ದೆ. ನಾನು ಕಟ್ಟಿಸಿದ ಪ್ರತಿ ಮನೆಯ ಮೆಟ್ಟಿಲ ಪಕ್ಕ ನನ್ನ ಹೆಸರು ಕೆತ್ತಿದ ಒಂದು ಕಲ್ಲು ಇರುತ್ತದೆ. ಇದು ನನ್ನ ಷರತ್ತು. ಒಪ್ಪದಿದ್ದರೆ ಕೆಲಸ ಬೇಡ. ಜನ ಅಹಂಕಾರ ಎನ್ನುತ್ತಾರೆ, ಎನ್ನಲಿ. ಸ್ಟ್ಯಾನಿಗೆ ಕಂಕನಾಡಿಯಲ್ಲಿ ಬೇಕರಿ ಉಂಟು. ಅವನ ಕಿಡಿಯೊಗೆ ಡಿಸೆಂಬರಿನಲ್ಲಿ ಸಾಲು ನಿಲ್ಲುತ್ತಾರೆ, ಯಾರೂ ಆಡಿಕೊಳ್ಳುವುದಿಲ್ಲ. ಪಪ್ಪ ಇಲ್ಲ, ಅಜ್ಜಿಯೂ ಇಲ್ಲ. ಮಮ್ಮಿ ನನ್ನ ಜೊತೆ ಇದ್ದಾಳೆ. ನಾನು ಅವಳಿಗೆ ಏನೂ ಕಡಿಮೆ ಮಾಡಿಲ್ಲ. ಆ ಭಾನುವಾರದ ಮಾತನ್ನು ಎತ್ತಿಯೂ ಇಲ್ಲ. ಒಂದು ದಿನ ಅವಳೇ ಎತ್ತುತ್ತಾಳೆ ಎಂದು ಕಾಯುತ್ತಿದ್ದೆ.

ಎತ್ತಿದಳು. ಕಳೆದ ವರ್ಷ ನಾನು ವಿನ್ಯಾಸ ಮಾಡಿದ ಒಂದು ಹೆರಿಗೆ ಆಸ್ಪತ್ರೆ ಉದ್ಘಾಟನೆಯಾದಾಗ ವಾರಪತ್ರಿಕೆಯ ಹುಡುಗಿಯೊಬ್ಬಳು ಮನೆಗೆ ಬಂದಳು. ಮಗಳ ಪ್ರತಿಭೆ ನಿಮಗೆ ಯಾವಾಗ ಗೊತ್ತಾಯಿತು ಎಂದು ಮಮ್ಮಿಯನ್ನು ಕೇಳಿದಳು. ಮಮ್ಮಿ ಕನ್ನಡಕ ತೆಗೆದು ಒರೆಸಿಕೊಂಡು ಶುರುಮಾಡಿದಳು. ಗೋದಲಿ, ಮುರಕಲ್ಲು, ಊದುಕಡ್ಡಿಯ ಹೊಗೆ, ಒಂದನ್ನೂ ಬಿಡಲಿಲ್ಲ. “ದೊಡ್ಡ ಇಂಜಿನಿಯರ್ ಬಂದು ಕೇಳಿದರು, ಯಾರು ಮಾಡಿದ್ದು ಅಂತ. ನನ್ನ ಮಗಳು ಅಂತ ಹೇಳಿದೆ ನಾನು. ಅವರಿಗೆ ನಂಬಿಕೆಯೇ ಬರ್ಲಿಲ್ಲ! ಹೆಣ್ಣು ಹುಡುಗಿ ಇದನ್ನು ಮಾಡ್ಲಿಕ್ಕಿಲ್ಲ ಅಂದರು. ನಾನು ಬಿಡ್ತೇನಾ? ನನ್ನ ಮಗಳದ್ದೇ ಅಂತ ಹಟ ಹಿಡಿದು ಹೇಳಿದೆ.” ಮಮ್ಮಿಯ ಕಣ್ಣಿನಲ್ಲಿ ನೀರು. ಹುಡುಗಿಯ ಕಣ್ಣಿನಲ್ಲೂ. ಮಮ್ಮಿ, ಹಾಗಲ್ಲ ಎಂದೆ ನಾನು. ನಿನಗೆ ಗೊತ್ತಿಲ್ಲ, ನೀನು ಸಣ್ಣವಳಿದ್ದಿ ಎಂದಳು ಮಮ್ಮಿ. ಅವಳ ಮುಖವನ್ನೇ ದಿಟ್ಟಿಸಿದೆ. ನಾಟಕವಾಗಿದ್ದರೆ ನನಗೆ ಗೊತ್ತಾಗುತ್ತಿತ್ತು, ಆ ಕಣ್ಣು ನನ್ನದೂ ತಾನೇ. ಅವಳು ಅದನ್ನು ನಂಬಿದ್ದಳು. ನನ್ನ ಹೆಸರನ್ನು ಒಮ್ಮೆ ಕಿತ್ತುಕೊಂಡವಳು, ಕಿತ್ತುಕೊಂಡ ನೆನಪನ್ನೂ ಈಗ ಕಿತ್ತುಕೊಂಡಳು. ಇನ್ನು ಕ್ಷಮೆ ಕೇಳಲು ಅವಳಲ್ಲಿ ಯಾರೂ ಉಳಿದಿರಲಿಲ್ಲ.

ಪತ್ರಿಕೆ ಬಂತು. ಎಂಥ ತಾಯಿಯನ್ನು ಪಡೆದಿದ್ದೀರಿ ಎಂದು ಜನ ಫೋನ್ ಮಾಡಿದರು. ಒಂದು ಸಂಜೆ ಆಲ್ಬರ್ಟ್ ಅಂಕಲ್‌ದೇ ಫೋನ್. ಮುಪ್ಪಿನಿಂದ ದನಿ ಸೋತಿತ್ತು, ಸೊಸೆ ಓದಿ ಹೇಳಿದಳಂತೆ.

“ನಿನ್ನ ಮಮ್ಮಿ ಅಷ್ಟು ಹೇಳಿದರೂ ನಾನು ನಂಬ್ಲಿಲ್ಲ ಅಂತ ಬಂದುಂಟಲ್ಲ, ಮಗಾ. ನನಗೆ ಸರಿ ನೆನಪಿಲ್ಲ. ಹಾಗೆಯೇ ಆಗಿರ್ಬೇಕು. ದೊಡ್ಡ ತಪ್ಪಾಯ್ತು ನನ್ನಿಂದ. ಮಮ್ಮಿಗೆ ಹೇಳು, ಸಾರಿ ಕೇಳಿದೆ ಅಂತ.”

ಮಮ್ಮಿ ಮೇಜಿನ ಆ ಕಡೆ ಕೂತು ಬಸಳೆ ಸೋಸುತ್ತಿದ್ದಳು. ಅಂಕಲ್, ನೀವು ಯಾರ ಹತ್ತಿರವೂ ಸಾರಿ ಕೇಳಬೇಕಾಗಿಲ್ಲ ಎಂದು ನನ್ನ ಗಂಟಲಿನವರೆಗೆ ಬಂತು. ಅವಳೆದುರು, ಆ ಮುದುಕರೊಡನೆ, ನಾನು ಮತ್ತೊಮ್ಮೆ ಸುಳ್ಳಿಯಾಗಲು ತಯಾರಿರಲಿಲ್ಲ. ಹೇಳ್ತೇನೆ ಎಂದೆ. ಫೋನ್ ಕೈಯಲ್ಲಿ ಮುಚ್ಚಿ ಹಿಡಿದು ಮಮ್ಮಿಗೆ ಹೇಳಿದೆ.

ಅವಳು ಬಸಳೆಯ ದಂಟನ್ನು ಕೆಳಗಿಟ್ಟಳು. ಆಮೇಲೆ ದೊಡ್ಡ ಮನಸ್ಸು ಮಾಡಿದವಳ ಹಾಗೆ ಕೈ ಬೀಸಿದಳು.

“ಪಾಪ, ವಯಸ್ಸಾಯ್ತು ಅವರಿಗೆ. ನಾನು ಮನಸ್ಸಿನಲ್ಲಿ ಎಂತದೂ ಇಟ್ಟುಕೊಂಡಿಲ್ಲ ಅಂತ ಹೇಳು.”